ಪುಕ್ಕಟೆ ಪಾರ್ಕಿಂಗ್ ತಂದ ಮರ್ಯಾದೆ

ಅಂಗಡಿ ಇಟ್ಟುಕೊಂಡ ಮೇಲೆ ವ್ಯಾಪಾರ ಆಗದ ದಿನ ಎಷ್ಟೋ ಇರುತ್ತೆ, ಮುಖ ಮುಚ್ಚಿಕೊಳ್ಳೋ ಹಾಗೆ ಆಗದ ದಿನ ಮಾತ್ರ ನಾನು ಕಂಡಿಲ್ಲ.

ಯಲಹಂಕದ ಹಳೇ ಪೇಟೆ ಬೀದಿಯಲ್ಲಿ ನಾನೂ ನಮ್ಮ ಯಜಮಾನರೂ ಒಂದು ಮ್ಯಾಚಿಂಗ್ ಸೆಂಟರ್ ನಡೆಸುತ್ತೇವೆ. ಬ್ಲೌಸ್ ಪೀಸು, ಲೈನಿಂಗು, ಸೀರೆಗೆ ಫಾಲ್ಸು, ಇಷ್ಟೇ. ಚರಂಡಿ ಕೆಲಸ ಅಂತ ಬೀದಿ ಅಗೆದವರು ಮುಚ್ಚೋದನ್ನೇ ಮರೆತುಬಿಟ್ಟರು. ಗುಂಡಿ ಮೇಲಿನ ಹಲಗೆ ದಾಟಿಕೊಂಡು ಗಿರಾಕಿಗಳು ಎಷ್ಟು ದಿನ ಬರ್ತಾರೆ? ಒಬ್ಬೊಬ್ಬರಾಗಿ ಮಾಲ್ ಕಡೆ ತಿರುಗಿದರು. ಪಕ್ಕದ ಬಳೆ ಅಂಗಡಿಯವರು ಷಟರ್ ಎಳೆದವರು ಮತ್ತೆ ತೆಗೆಯಲೇ ಇಲ್ಲ. ನಾವೂ ಅಂಗಡಿ ಖಾಲಿ ಮಾಡೋ ಮಾತಾಡುತ್ತಿದ್ದೆವು. ಕೊನೆಗೂ ರಸ್ತೆ ಆಯಿತು, ಹೋದ ಗಿರಾಕಿ ಮಾತ್ರ ವಾಪಸ್ ಬರಲಿಲ್ಲ. ಬೀದಿಯವರೆಲ್ಲ ಪಾಲಿಕೆ ಆಫೀಸಿಗೆ ಹೋಗಿ ಗೋಳು ಹೇಳಿಕೊಂಡ ಮೇಲೆ, "ಗಿರಾಕಿಗಳಿಗೆ ಎರಡು ಗಂಟೆ ಪುಕ್ಕಟೆ ಪಾರ್ಕಿಂಗ್ ಕೊಡೋಣ, ಹಾಗಾದರೂ ಜನ ಬರಲಿ" ಅಂತ ಪಾಲಿಕೆಯವರು ಒಪ್ಪಿದರು. ಜನ ಬಂದರೋ ಇಲ್ಲವೋ ಆಮೇಲೆ ಹೇಳ್ತೀನಿ. ನನಗೆ ಆದ ನಾಚಿಕೆ ಮೊದಲು ಕೇಳಿ.

ಸಾಹೇಬರಿಗೇ ಜಾಗ ಇಲ್ಲ

ಉದ್ಘಾಟನೆಗೆ ಪಾಲಿಕೆಯ ಸಾಹೇಬರು ಬರೋರಿದ್ದರು. ನಮ್ಮ ವ್ಯಾಪಾರಿಗಳ ಸಂಘಕ್ಕೆ ಪಾತ್ರೆ ಅಂಗಡಿಯವರೇ ಅಧ್ಯಕ್ಷರು, ಅವರು ಬಾಳೆಕಂದು ಕಟ್ಟಿಸಿ ಟೇಪು ಎಳೆಸಿದ್ದರು. ಆರತಿ ಎತ್ತೋ ಕೆಲಸ ನನ್ನದು. ರೇಷ್ಮೆ ಸೀರೆ ಉಟ್ಟುಕೊಂಡು ತಟ್ಟೆ ಹಿಡಿದು ನಿಂತಿದ್ದೆ.

ಸಾಹೇಬರ ಕಾರು ಬಂತು. ನಮ್ಮನ್ನು ದಾಟಿ ಮುಂದಕ್ಕೆ ಹೋಯಿತು. ಒಂದು ಸುತ್ತು ಹಾಕಿಕೊಂಡು ಮತ್ತೆ ಬಂತು, ಮತ್ತೆ ಹೋಯಿತು. ಕಿಟಕಿ ಇಳಿಸಿ ಸಾಹೇಬರೇ ಕೇಳಿದರು, "ಎಲ್ರೀ ನಿಲ್ಸೋದು?"

ಆಗ ನಾವು ಬೀದಿ ಕಡೆ ನೋಡಿದೆವು. ಪುಕ್ಕಟೆ ಅಂತ ಗೊತ್ತಾದದ್ದೇ ತಡ, ಬೆಳಗ್ಗೆ ಅಂಗಡಿ ತೆಗೆಯೋಕೆ ಬಂದ ಪ್ರತಿಯೊಬ್ಬರೂ ತಮ್ಮ ತಮ್ಮ ಅಂಗಡಿ ಮುಂದೆ ತಮ್ಮ ಗಾಡಿಯನ್ನೇ ನಿಲ್ಲಿಸಿದ್ದರು. ಅಧ್ಯಕ್ಷರದ್ದು ಟೆಂಪೋ, ನಮ್ಮ ಯಜಮಾನರದ್ದು ಕಾರು. ಒಂದು ಸೈಕಲ್ಲಿಗೂ ಸಂದಿ ಇರಲಿಲ್ಲ.

"ಸಾರ್, ಸ್ಟೇಷನ್ ಕಡೆ ಹೋದ್ರೆ ದುಡ್ಡು ಕೊಟ್ಟು ನಿಲ್ಸೋ ಜಾಗ ಇದೆ" ಅಂದರು ಅಧ್ಯಕ್ಷರು.

ಸಾಹೇಬರು ಅಲ್ಲಿ ದುಡ್ಡು ಕೊಟ್ಟು ನಿಲ್ಲಿಸಿ, ಬಿಸಿಲಲ್ಲಿ ನಡೆದುಕೊಂಡು ಬಂದರು. ನಾನು ಆರತಿ ಎತ್ತಿ ಕುಂಕುಮ ಇಟ್ಟರೆ ಅದು ಬೆವರಿಗೆ ಮೂಗಿನವರೆಗೂ ಇಳಿಯಿತು. ಪುಕ್ಕಟೆ ಪಾರ್ಕಿಂಗಿನ ಟೇಪು ಕತ್ತರಿಸಿ, "ಮೊದಲನೇ ದಿನಾನೇ ಬೀದಿ ತುಂಬಿದೆ, ಬಹಳ ಸಂತೋಷ. ಬನ್ನಿ, ಗಿರಾಕಿಗಳನ್ನ ಮಾತಾಡಿಸೋಣ" ಅಂದರು.

ಗಿರಾಕಿ ಎಲ್ಲಿಂದ ತರೋಣ? ಅಧ್ಯಕ್ಷರು ನನ್ನ ಹತ್ತಿರ ಬಂದು ಪಿಸುಗುಟ್ಟಿದರು: "ನೀವು ಹೋಗಿ ನಮ್ಮ ಅಂಗಡೀಲಿ ಸ್ವಲ್ಪ ಗಿರಾಕಿ ಥರ ನಿಂತ್ಕೊಳ್ರಮ್ಮಾ, ಬೇಗ." ನಾನೂ ಹಿಂದೆ ಮುಂದೆ ನೋಡದೆ ಓಡಿಹೋಗಿ ಒಂದು ಕುಕ್ಕರ್ ಕೈಗೆತ್ತಿಕೊಂಡು ಮುಚ್ಚಳ ತಿರುಗಿಸುತ್ತಾ ನಿಂತೆ. ಸಾಹೇಬರು ಒಳಗೆ ಬಂದರು. ಕುಕ್ಕರ್ ಮೇಲೆಲ್ಲ ಅಂಟಿದ್ದ ಕುಂಕುಮ ನೋಡಿದರು, ನನ್ನ ಮುಖ ನೋಡಿದರು.

"ಈಗ ತಾನೇ ಆರತಿ ಎತ್ತಿದ್ರಲ್ಲಮ್ಮಾ. ಅಷ್ಟರಲ್ಲೇ ಅಡುಗೆಗೂ ಇಟ್ಬಿಟ್ರಾ?"

ಮೊದಲನೇ ಕಾರು

ಇದಾದ ಮೇಲೆ ಒಂದು ದಿನ ಯಜಮಾನರು ಕಾರು ತಗೊಂಡು ಸರಕು ತರೋಕೆ ಹೋಗಿದ್ದಾಗ, ನಮ್ಮ ಅಂಗಡಿ ಮುಂದೆ ಖಾಲಿಯಾದ ಜಾಗಕ್ಕೆ ಒಂದು ದೊಡ್ಡ ಕಾರು ಬಂದು ನಿಂತಿತು. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಅಲ್ಲಾಳಸಂದ್ರದ ಅಪಾರ್ಟ್‌ಮೆಂಟಿನವರಂತೆ. ನನಗೆ ಕಣ್ಣಲ್ಲಿ ನೀರು ಬರೋದೊಂದು ಬಾಕಿ. "ಬನ್ನಿ ಬನ್ನಿ" ಅಂತ ಒಳಗೆ ಕರೆದು ಫ್ಯಾನ್ ಹಾಕಿದೆ. ಮಕ್ಕಳಿಗೆ ಬಾದಾಮಿ ಹಾಲು ತರಿಸಿದೆ. ಆಯಮ್ಮ ಕುಡಿಯೋಕೆ ನೀರು ಕೇಳಿದರು, ಕೊಟ್ಟೆ. ಚಿಕ್ಕವನಿಗೆ ಅರ್ಜೆಂಟ್ ಅಂದರು, ಹಿಂದಿನ ಬಾಗಿಲು ತೆಗೆದು ಬಚ್ಚಲು ತೋರಿಸಿದೆ. ಎಲ್ಲಾ ಆದಮೇಲೆ, "ಏನ್ ತೋರಿಸ್ಲಿ ಮೇಡಂ?" ಅಂದೆ.

"ಏನೂ ಬೇಡ ಆಂಟಿ. ಇಲ್ಲಿಂದ ಮಾಲ್‌ಗೆ ಆಟೋ ಸಿಗುತ್ತಾ? ಅಲ್ಲಿ ಪಾರ್ಕಿಂಗ್‌ಗೆ ತುಂಬಾ ತಗೋತಾರೆ."

ಇನ್ನೂ ನಾಚಿಕೆ ಅಂದರೆ, ಆಟೋ ಹಿಡಿದುಕೊಟ್ಟವಳೂ ನಾನೇ. ಸಾಯಂಕಾಲ ಕೈತುಂಬಾ ಚೀಲ ಹಿಡಿದು ಬಂದರು. ಎರಡು ಗಂಟೆ ಮುಗಿದು ಎಷ್ಟೋ ಹೊತ್ತಾಗಿತ್ತು. ಆಯಮ್ಮ ನೇರ ಅಂಗಡಿಗೇ ಬಂದು, ಮಾಲ್‌ನಲ್ಲಿ ಕೊಂಡ ಸೀರೆ ತೆಗೆದು ಹರವಿದರು. "ಇದಕ್ಕೆ ಮ್ಯಾಚಿಂಗ್ ಬ್ಲೌಸ್ ಪೀಸ್ ಇದ್ಯಾ?" ಅಂದರು. ಅಂಗಡಿಯೆಲ್ಲ ತಡಕಾಡಿದೆ. ಆ ಬಣ್ಣ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಇತ್ತು.

"ಅಯ್ಯೋ, ಮಾಲ್‌ನಲ್ಲಿತ್ತು ಆಂಟಿ. ಪಾಪ, ನಿಮಗೂ ಸ್ವಲ್ಪ ವ್ಯಾಪಾರ ಆಗ್ಲಿ ಅಂತ ಬಿಟ್ಟು ಬಂದೆ."

ತಾತನೇ ನಿಂತ

ಇನ್ನೊಂದು ದಿನ ಹೊರಗೆ ಗಲಾಟೆ ಕೇಳಿ ಎದ್ದು ಬಂದರೆ, ನಮ್ಮ ಎದುರುಗಡೆ ಇದ್ದ ಒಂದೇ ಒಂದು ಖಾಲಿ ಜಾಗದಲ್ಲಿ ಒಬ್ಬ ತಾತ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಪಂಚೆ, ತಲೆಗೆ ಟವೆಲ್ಲು. ಕುರ್ಚಿ ನಮ್ಮ ಅಂಗಡಿಯದೇ. ಹಿಂದೆ ಕಾರಿನವರೊಬ್ಬರು ಹಾರನ್ ಹೊಡೆಯುತ್ತಿದ್ದಾರೆ.

"ತಾತ, ಏಳಿ, ಇದು ಗಾಡಿ ನಿಲ್ಸೋ ಜಾಗ" ಅಂದೆ.

"ಪ್ರೀ ಅಂತ ಬೋರ್ಡ್ ಆಕವ್ರಲ್ಲವ್ವಾ. ಗಾಡಿ ಇರೋರ್ಗೆ ಮಾತ್ರ ಪ್ರೀನಾ? ನಂತಾವ ಗಾಡಿ ಇಲ್ಲ, ಅದ್ಕೆ ನಾನೇ ನಿಂತಿವ್ನಿ."

"ಹಂಗಲ್ಲ ತಾತ, ಇದು ಅಂಗಡಿಗೆ ಬರೋ ಗಿರಾಕಿಗಳಿಗೆ." ನನ್ನ ದನಿ ಸ್ವಲ್ಪ ಜೋರಾಗಿಯೇ ಇತ್ತು. ಜನ ಸೇರಿದ್ದರು.

"ನಾನು ಗಿರಾಕಿ ಅಲ್ವಾ? ನಮ್ಮನೆಯವಳ ಸೀರೆ ಫಾಲ್ಸಿಗೆ ಕೊಟ್ಟು ವಾರ ಆಯ್ತು. ಬೆಳಗ್ಗೆ ಬಂದ್ರೆ, 'ಈಗ ಆಗೋಯ್ತದೆ, ಒಂದ್ ಗಳಿಗೆ ಕುಂತಿರಿ' ಅಂತ ಕುರ್ಚಿ ಕೊಟ್ಟೋಳೂ ನೀನೇ ಅಲ್ವಾ?"

ಹೌದು, ನಾನೇ. ಕೂರಿಸಿ ಮರೆತುಬಿಟ್ಟಿದ್ದೆ. ಸೇರಿದ ಜನರೆಲ್ಲ ಈಗ ನನ್ನ ಕಡೆ ತಿರುಗಿದರು. ಹಾರನ್ ಹೊಡೆಯುತ್ತಿದ್ದವರೂ ನಿಲ್ಲಿಸಿ, "ಏನ್ ಮೇಡಂ ನೀವು?" ಅಂದರು. ತಲೆ ತಗ್ಗಿಸಿಕೊಂಡೇ, "ತಪ್ಪಾಯ್ತು ತಾತ, ಈಗಲೇ ಮಾಡಿಸಿಕೊಡ್ತೀನಿ. ಆದ್ರೆ ಎರಡು ಗಂಟೆ ಮೇಲಾದ್ರೆ ಪಾಲಿಕೆಯವರು ಎತ್ತಾಕ್ಕೊಂಡು ಹೋಗ್ತಾರಂತೆ" ಅಂತ ನಗಿಸಲು ನೋಡಿದೆ.

ತಾತನ ಮುಖ ಅರಳಿತು. "ಎತ್ಕಂಡೋಗ್ಲಿ ಬುಡವ್ವಾ. ಅಂಗೇ ಮನೆಗಂಟ ಬುಟ್ಬುಡಕ್ಕೇಳು, ಕಾಲು ನೋಯ್ತವೆ."

ಮೈಕಿನಮ್ಮ

ಇಷ್ಟಾದರೂ ಅಂಗಡಿಯವರು ತಮ್ಮ ಗಾಡಿ ತೆಗೆಯಲಿಲ್ಲ. ಗಿರಾಕಿಗಳು ಬಂದು, ಜಾಗ ಕಾಣದೆ, ಹಾಗೇ ಹೋಗುತ್ತಿದ್ದರು. ಹೀಗೇ ಆದರೆ ಪುಕ್ಕಟೆ ವ್ಯವಸ್ಥೆ ನಿಲ್ಲಿಸ್ತೀವಿ ಅಂತ ಪಾಲಿಕೆಯಿಂದ ಮಾತು ಬಂತು. ಗಾಬರಿಯಾದ ಅಧ್ಯಕ್ಷರು ಬೀದಿಯ ಕಂಬಗಳಿಗೆಲ್ಲ ಮೈಕು ಕಟ್ಟಿಸಿ, "ನಿಮ್ಮ ಧ್ವನಿ ಚೆನ್ನಾಗಿದೆ, ಒಂದ್ನಾಲ್ಕು ಮಾತು ರೆಕಾರ್ಡ್ ಮಾಡಿ ಕಳಿಸಿಕೊಡಿ" ಅಂದರು.

ಧ್ವನಿ ಚೆನ್ನಾಗಿದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಅಂಗಡಿಯಲ್ಲೇ ಕೂತು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದೆ. ಮಾರನೇ ದಿನ ಬೆಳಗ್ಗೆ, ಕೇಳಲಿ ಅಂತ ನಮ್ಮ ಅಕ್ಕನನ್ನೂ ಕರೆಸಿಕೊಂಡೆ. ಮೈಕು ಶುರುವಾಯಿತು.

"ಮಾನ್ಯ ಗ್ರಾಹಕರೇ, ತಮಗೆ ಆದರದ ಸ್ವಾಗತ. ಎರಡು ಗಂಟೆ ಉಚಿತ ಪಾರ್ಕಿಂಗ್ ಇದೆ. ದಯವಿಟ್ಟು ಸಹಕರಿಸಿ. ಧನ್ಯವಾದಗಳು."

ಅಕ್ಕ, "ರೇಡಿಯೋದವರ ಥರಾನೇ ಇದೆ ಕಣೇ" ಅಂದಳು. ನಾನು ಬೀಗುವಷ್ಟರಲ್ಲಿ ಮೈಕು ಮುಂದುವರಿಯಿತು. ರೆಕಾರ್ಡ್ ನಿಲ್ಲಿಸೋದನ್ನು ನಾನು ಮರೆತಿದ್ದೆ.

"ರೀ! ಏನ್ ನೋಡ್ತಾ ನಿಂತಿದೀರಾ? ಮೊದಲು ನಿಮ್ಮ ಡಬ್ಬಾ ತೆಗೀರಿ ಅಲ್ಲಿಂದ! ಮನೆ ಇರೋದು ಹಿಂದಿನ ಬೀದೀಲಿ, ಅಲ್ಲಿಂದ ಇಲ್ಲಿಗೆ ಕಾರು! ಹೊಟ್ಟೆ ಕರಗಿಸಿ ಅಂತ ಡಾಕ್ಟ್ರು ಹೇಳಿಲ್ವಾ? ಗಿರಾಕಿಗಳು ಗಾಡಿ ಎಲ್ಲಿ ನಿಲ್ಲಿಸ್ಬೇಕು, ನಿಮ್ಮ ತಲೆ ಮೇಲಾ?"

ಹೂವಿನವಳಿಂದ ಹಿಡಿದು ಬೀದಿಯವರೆಲ್ಲರೂ ನಕ್ಕರು. ನಾನು ಮೈಕಿನವನ ಅಂಗಡಿಗೆ ಓಡಿದರೆ, ಬೀಗ. ಒಳಗೆ ರೆಕಾರ್ಡ್ ಹಾಕಿಟ್ಟು ಯಾವುದೋ ಮದುವೆಗೆ ಹೋಗಿದ್ದನಂತೆ. ದಿನವಿಡೀ ಅದೇ ತಿರುಗಿತು. ಮಾನ್ಯ ಗ್ರಾಹಕರೇ, ಧನ್ಯವಾದಗಳು, ರೀ! ನಾನು ಲೈನಿಂಗ್ ಬಟ್ಟೆಯ ಥಾನುಗಳ ಹಿಂದೆ ಕೂತವಳು ಕತ್ತಲಾಗುವವರೆಗೂ ಎದ್ದು ಬರಲಿಲ್ಲ. ಯಜಮಾನರು ಕಾರಿನ ಕೀ ತಂದು ನನ್ನ ಮುಂದಿಟ್ಟರು. ಅದನ್ನು ಕಂಡು ನಿಜಕ್ಕೂ ಅಳು ಬಂತು.

ಮರುದಿನ ನೋಡಿದರೆ, ಬೀದಿ ಖಾಲಿ! ಎಲ್ಲಾ ಅಂಗಡಿಯವರ ಹೆಂಡತಿಯರೂ ಮನೆಯಲ್ಲಿ ನನ್ನ ಮಾತನ್ನೇ ಹೇಳಿ ಗಾಡಿ ಬಿಡಿಸಿದ್ದರಂತೆ. ಅಧ್ಯಕ್ಷರು ನಡೆದುಕೊಂಡು ಬಂದರು. ಗಿರಾಕಿಗಳ ಕಾರುಗಳು ಒಂದೊಂದಾಗಿ ಬಂದು ನಿಂತವು. "ಮೈಕಿನಮ್ಮ ಇವರೇನಾ?" ಅಂತ ಇಣುಕಿದ ಹೆಂಗಸರು ಸುಮ್ಮನೆ ಹೋಗೋಕೆ ಆಗದೆ ಬ್ಲೌಸ್ ಪೀಸ್ ತಗೊಂಡರು. ಅಂಗಡಿ ಖಾಲಿ ಮಾಡೋ ಮಾತು ನಿಂತಿತು.

"ಆ ಕೊನೇ ಭಾಗ ತೆಗೆಸಿಬಿಡಿ, ನಿಮ್ಮ ದಮ್ಮಯ್ಯ" ಅಂತ ಅಧ್ಯಕ್ಷರಿಗೆ ಕೈ ಮುಗಿದೆ. "ಬೇಕಾದ್ರೆ ಮೊದಲನೇ ಭಾಗ ತೆಗೆಸ್ತೀನಿ" ಅಂದರು.

ಮೊನ್ನೆ ಬ್ಯಾಟರಾಯನಪುರದ ವ್ಯಾಪಾರಿಗಳು ಬಂದಿದ್ದರು, ಅವರ ಬೀದಿಗೂ ಆ ರೆಕಾರ್ಡಿಂಗ್ ಬೇಕಂತೆ. ನನಗೆ ನೆಲ ಬಿರಿದು ಒಳಗೆ ಹೋಗೋ ಹಾಗಾಯಿತು. ಅವರಲ್ಲಿ ಹಿರಿಯರೊಬ್ಬರು ಸಂಕೋಚದಿಂದ ಯಜಮಾನರನ್ನೇ ಕೇಳಿದರು, "ಬೈಸಿಕೊಂಡೋರು ನೀವಲ್ವಾ ಸಾರ್, ನಿಮ್ಮದೇನೂ ಅಭ್ಯಂತರ ಇಲ್ವಾ?"

ಯಜಮಾನರು ಬಟ್ಟೆ ಅಳೆಯುತ್ತಲೇ ಹೇಳಿದರು:

"ಧಾರಾಳವಾಗಿ ತಗೊಂಡ್ಹೋಗಿ ಸಾರ್. ನನಗೆ ಹೇಗೂ ಮನೇಲಿ ಲೈವ್ ಬರುತ್ತೆ."