ಮುಂದಿನ ಬಸ್ಸಿಗೆ ಬರುತ್ತಿದ್ದ ನಗು

ನನ್ನ ಗೆಳೆಯನಿಗೆ ನಗಲು ಬರುತ್ತಿರಲಿಲ್ಲ ಎಂದು ಯಾರೂ ತಪ್ಪು ತಿಳಿಯಬಾರದು. ಬರುತ್ತಿತ್ತು. ಆದರೆ ಮುಂದಿನ ಬಸ್ಸಿಗೆ ಬರುತ್ತಿತ್ತು!

ದಾವಣಗೆರೆಯ ಹೈಸ್ಕೂಲಿನಲ್ಲಿ ನಾನು ಡ್ರಿಲ್ ಮೇಷ್ಟ್ರ ದನಿ ತೆಗೆದರೆ ಇಡೀ ತರಗತಿ ಬೆಂಚು ಕುಟ್ಟಿ ನಗುತ್ತಿತ್ತು. ಇವನು ಮಾತ್ರ ತಪ್ಪು ಪ್ಲಾಟ್‌ಫಾರ್ಮಿನಲ್ಲಿ ರೈಲು ಕಾಯುವವನಂತೆ ಕೂತಿರುತ್ತಿದ್ದ. ಆಮೇಲೆ, ವಿಜ್ಞಾನದ ಮೇಷ್ಟ್ರು ಬೋರ್ಡಿನ ಮೇಲೆ ಕಪ್ಪೆಯ ಹೃದಯ ಬರೆಯುವಾಗ, ಹೋ ಎಂದು ನಕ್ಕುಬಿಡುತ್ತಿದ್ದ! "ಯಾಕೋ?" ಎಂದರೆ ಆ ಸತ್ಯವಂತ ನನ್ನ ಕಡೆ ಬೆರಳು ತೋರಿಸುತ್ತಿದ್ದ. ಏಟು ಯಾರಿಗೆ? ಕೇಳಬೇಕೆ!

"ನಿನ್ನ ಜೋಕು ನೆನೀಬೇಕು ಕಣಲೇ, ಕಡಲೆ ಥರ."

"ನಾನೇನು ಮಿಮಿಕ್ರಿ ಮಾಡ್ತಿದೀನೋ, ಉಸಲಿ ಮಾಡ್ತಿದೀನೋ?"

ಅದಕ್ಕೂ ಮರುದಿನವೇ ನಕ್ಕ.

ಓದಲು ಅವನು ಮ್ಯಾಂಚೆಸ್ಟರಿಗೆ, ನಾನು ಲೀಡ್ಸಿಗೆ ಬಂದೆವು. ಒಂದು ನವೆಂಬರಿನಲ್ಲಿ ಅವನನ್ನು ನೋಡಲು ಹೋಗಿದ್ದೆ; ಅವನಿದ್ದ ಫಾಲೋಫೀಲ್ಡಿನಿಂದ ಪೇಟೆಗೆ ಬಸ್ಸಿನಲ್ಲಿ ಹೋಗುತ್ತಾ ಅವನ ಮನೆ ಓನರು ಒಗ್ಗರಣೆ ವಾಸನೆಗೆ ಸೀನುವುದನ್ನು ಮಾಡಿ ತೋರಿಸಿದೆ. ಅವನು ಕಿಟಕಿಯಾಚೆ ನೋಡುತ್ತಾ ಕೂತ. ಬಸ್ಸಿಳಿದರೆ ಚೌಕದಲ್ಲಿ ಯುದ್ಧದಲ್ಲಿ ಮಡಿದವರಿಗಾಗಿ ಜನ ಮೌನವಾಗಿ ನಿಂತಿದ್ದರು. ನಾವೂ ನಿಂತೆವು. ಅಲ್ಲಿ ಬಂತು ನೋಡಿ! ಕರ್ಚೀಫು ಬಾಯಿಗೆ ತುರುಕಿಕೊಂಡು ಗಡಗಡ ನಡುಗಿದ. ಪಕ್ಕದ ಅಜ್ಜಿ ಅಳುತ್ತಿದ್ದಾನೆಂದು ತಿಳಿದು ಬೆನ್ನು ಸವರಿದರು. ಮಹಾನುಭಾವ ಸವರಿಸಿಕೊಂಡ!

ಮುಂದೆ ಅವನಿಗೆ ಅಲ್ಲೇ ಹತ್ತಿರದ ಬರ್ಚ್‌ವುಡ್ಡಿನಲ್ಲಿ ಕೆಲಸ ಸಿಕ್ಕಿತು. ವರ್ಷ ತುಂಬುವಷ್ಟರಲ್ಲಿ ರಕ್ತದ ಕಾಯಿಲೆ. ಬರ್ಮಿಂಗ್‌ಹ್ಯಾಮಿನಲ್ಲಿ ಡಾಕ್ಟರಾಗಿದ್ದ ಅವನಕ್ಕ, ನಮಗೆಲ್ಲ ಆಪಾ, ಅಲ್ಲಿನ ಆಸ್ಪತ್ರೆಗೇ ಸೇರಿಸಿಕೊಂಡರು. ಒಂದು ಸಂಜೆ ಫೋನಿನಲ್ಲಿ ಡ್ರಿಲ್ ಮೇಷ್ಟ್ರನ್ನು ಕರೆಸಿದೆ: "ಏಯ್, ಮೂರನೇ ಸಾಲು! ಮಲಗ್ಕೊಂಡು ಡ್ರಿಲ್ ಮಾಡ್ತೀಯೇನೋ? ಏಳೋ! ನರ್ಸಮ್ಮಾ, ನೀವೂ ಅಷ್ಟೇ! ಕೈ ಮೇಲೆ!"

ಅವನು "ಮುಗೀತಾ? ಇಡ್ಲಾ?" ಎಂದು ಫೋನಿಟ್ಟ.

ಮರುದಿನ ಮಧ್ಯಾಹ್ನ ಹೋಗಿಬಿಟ್ಟ.

ಮಣ್ಣು ಮಾಡಿ ಆಪಾ ಮನೆಗೆ ಬಂದ ಮೇಲೂ ನನಗಿದ್ದದ್ದು ಒಂದೇ ಚಿಂತೆ. ನಾಚಿಕೆಗೇಡು, ಆದರೂ ಹೇಳುತ್ತೇನೆ: ಆ ಕಡಲೆ ನೆನೆಯಿತೋ ಇಲ್ಲವೋ?

"ಕೊನೇಲಿ ಅವನ ಹತ್ರ ಏನು ಮಾತಾಡ್ದೆ?" ಎಂದು ಆಪಾ ಕೇಳಿದರು. ಹೇಳಲು ನನ್ನ ಸ್ವಂತ ದನಿ ಏಳಲಿಲ್ಲ. ಅತ್ತು ಸುಸ್ತಾದ ಆ ಮನೆಯಲ್ಲಿ, ಕಾರ್ಪೆಟ್ಟಿನ ಮೇಲೆ ಕೂತು, ಡ್ರಿಲ್ ಮೇಷ್ಟ್ರ ದನಿಯಲ್ಲೇ ಅಷ್ಟೂ ಒಪ್ಪಿಸಿದೆ. ಆಪಾ ಮುಖದ ಒಂದು ಗೆರೆ ಅಲುಗಲಿಲ್ಲ. "ರೈಲಿಗೆ ಹೊತ್ತಾಯ್ತಲ್ಲ," ಎಂದರು. ನೆಲ ಬಿರಿದಿದ್ದರೆ ಇಳಿದುಬಿಡುತ್ತಿದ್ದೆ.

ಲೀಡ್ಸಿನ ರೈಲು ಡರ್ಬಿ ದಾಟಿತ್ತು. ಫೋನು ಬಂತು. ಮೊದಲು ಬರೀ ಉಸಿರು, ಆಮೇಲೆ ಏನೋ ಒಡೆದ ಸದ್ದು. ಆಪಾ ನಗುತ್ತಿದ್ದರು!

"ಮಂಗ್ಯಾ! ನರ್ಸಮ್ಮ ಕೈ ಮೇಲೆ ಅಂದ್ಯಾ? ಅವನು ಹೋದ ದಿನ ಬೆಳಿಗ್ಗೆ ನರ್ಸು ಬಂದಳು ಕಣೋ, ಡ್ರಿಪ್ ಬಾಟ್ಲಿ ಬದಲಾಯ್ಸೋಕೆ ಕೈ ಎತ್ತಿದಳು. ಇವನು ನಗೋಕೆ ಶುರು ಮಾಡ್ದ. ಮಂಚ ಅಲ್ಲಾಡೋ ಹಾಗೆ! ಔಷಧಿ ತಲೆಗೇರಿದೆ ಅಂತ ನಾನು ಹೆದರ್ಕೊಂಡಿದ್ದೆ…"

ಕರ್ಚೀಫಿಗೆ ತಡಕಾಡಿದೆ. ಪಕ್ಕದ ಸೀಟಿನ ಅಜ್ಜಿ ನನ್ನತ್ತ ಬಾಗಿ ಬೆನ್ನು ಸವರಿದರು.

ಸವರಿಸಿಕೊಂಡೆ.