ಪೀಣ್ಯದ ನಿಂಬೆಹಣ್ಣಿನ ಸುರಕ್ಷಿತ ಸಾಗಣೆ

ವಿಕಿರಣ ಸೂಸುವ ಔಷಧಗಳ ಸಾಗಣೆಯಲ್ಲಿ ಪೀಣ್ಯದ ನಮ್ಮ ಸಂಸ್ಥೆಯಿಂದ ಇದುವರೆಗೆ ಯಾರಿಗೂ ಒಂದು ತರಚುಗಾಯವೂ ಆಗಿಲ್ಲ ಎಂಬುದನ್ನು ಈ ಮೂಲಕ ಸರ್ವರ ಗಮನಕ್ಕೆ ತರಲಾಗಿದೆ. ಔಷಧವನ್ನು ಸೀಸದ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ರಟ್ಟಿನ ಪೆಟ್ಟಿಗೆಗೆ ಹಾಕಿ, ಎದುರುಬದುರಿನ ಎರಡು ಬದಿಗೂ ಹಳದಿ ಲೇಬಲ್ ಅಂಟಿಸುವುದು ನನ್ನ ಕೆಲಸ. ಆ ಪೆಟ್ಟಿಗೆಯನ್ನು ನಾವು ಊಟದ ಕ್ಯಾರಿಯರ್‌ನಷ್ಟೇ ಸಲೀಸಾಗಿ ಎತ್ತಿಡುತ್ತೇವೆ. ಹೆದರಿಕೆಯೆಲ್ಲ ತರಬೇತಿಯಲ್ಲೇ ಹೋಗಿರುತ್ತದೆ.

ಆ ಮಂಗಳವಾರ ಬೊಮ್ಮನಹಳ್ಳಿಯ ಆಸ್ಪತ್ರೆಗೆ ಭದ್ರಮ್ಮ ಎಂಬವರ ಥೈರಾಯ್ಡ್ ಔಷಧ ಹೊರಡಬೇಕಿತ್ತು. ಭದ್ರಮ್ಮ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಕಾಯಿಲೆಯಿಂದ ಕೈ ನಡುಗಲು ಶುರುವಾಗಿ, ಅವರನ್ನು ಕಾಲರ್ ಹೊಲಿಯುವ ಮೆಷಿನ್‌ನಿಂದ ಎಬ್ಬಿಸಿ ದಾರ ಕತ್ತರಿಸಲು ಹಾಕಿದ್ದರು. ತಿಂಗಳೊಳಗೆ ಕೈ ನೆಟ್ಟಗಾಗದಿದ್ದರೆ ಕೆಲಸ ಬಿಡಿ ಎಂದೂ ಹೇಳಿದ್ದರು. ಈ ಔಷಧದ ಶಕ್ತಿ ಎಂಟು ದಿನಕ್ಕೆ ಅರ್ಧವಾಗುತ್ತದೆ, ಮತ್ತೆ ಎಂಟು ದಿನಕ್ಕೆ ಅದರರ್ಧ. ಅದು ಔಷಧದ ಸ್ವಭಾವವೇ ಹೊರತು ಸಂಸ್ಥೆಯ ತಪ್ಪಲ್ಲ.

ಅವತ್ತು ಹೊಸ ವ್ಯಾನಿನ ಮೊದಲ ಟ್ರಿಪ್. ಡ್ರೈವರ್ ನಿಂಗಪ್ಪ ನಿಂಬೆಹಣ್ಣಿಗೆ ಕುಂಕುಮ ಹಚ್ಚಿ ವ್ಯಾನಿಗೆ ನಿವಾಳಿಸಿದ. ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು. ಹಣ್ಣನ್ನು ಭದ್ರಮ್ಮನವರ ಪೆಟ್ಟಿಗೆಯ ಮೇಲಿಟ್ಟು ಮಾತಿಗೆ ನಿಂತ.

"ತೆಗಿಯಪ್ಪಾ ಅದನ್ನ," ಎಂದರು ಸುರಕ್ಷತಾಧಿಕಾರಿ ಗುರುರಾಜ್.

"ದೃಷ್ಟಿ ತೆಗ್ದು ಕೈಬಿಟ್ಮೇಲೆ ತಿರ್ಗಾ ಮುಟ್ಟಂಗಿಲ್ಲ ಸಾರ್. ನೀವೇ ತೆಗೀರಿ."

ಪರಮಾಣು ವಿಜ್ಞಾನದಲ್ಲಿ ಚಿನ್ನದ ಪದಕ ಪಡೆದ ಗುರುರಾಜ್ ಹಿಂದಕ್ಕೆ ಸರಿದರು. "ನನ್ ಹೆಂಡ್ತಿ ಬಸುರಿ ಕಣಪ್ಪಾ."

ಮ್ಯಾನೇಜರ್ ವೇಣಿ ಮೇಡಂ ಬಾಗಿಲಲ್ಲೇ ನಿಂತು, "ನಂಗೆ ಸಾಡೇಸಾತಿ ನಡೀತಿದೆ, ನನ್ನ ಕರೀಬೇಡಿ" ಎಂದರು. ನಾನು ಕೈಗವಸು ಹಾಕಿಕೊಂಡೆ, ಮತ್ತೆ ಬಿಚ್ಚಿಟ್ಟೆ. ನನಗೂ ಮಕ್ಕಳಿದ್ದಾರೆ. ಪೆಟ್ಟಿಗೆ ಅಲ್ಲಾಡಿಸಿದರೆ ಹಣ್ಣು ಉರುಳಿ ಯಾರ ಕಾಲಿಗೆ ತಾಗುತ್ತದೋ ಎಂದು ಅದನ್ನೂ ಹಾಗೇ ಬಿಟ್ಟೆವು.

ಸಂಜೆ ಸುತ್ತೋಲೆ ಬಂತು: "ದೃಷ್ಟಿ ತೆಗೆದ ನಿಂಬೆಹಣ್ಣನ್ನು ಅಪಾಯಕಾರಿ ಸರಕೆಂದು ಪರಿಗಣಿಸತಕ್ಕದ್ದು. ಎರಡು ಎದುರುಬದಿಗಳಿಗೆ ಲೇಬಲ್ ಅಂಟಿಸಿ, ಸೀಸದ ಡಬ್ಬಿಯಲ್ಲಿ ಸಾಗಿಸತಕ್ಕದ್ದು. ಸದರಿ ಹಣ್ಣನ್ನು ಯಾರೂ ದಾಟತಕ್ಕದ್ದಲ್ಲ."

ಗುಂಡಗಿರುವುದಕ್ಕೆ ಎದುರುಬದಿ ಯಾವುದೆಂದು ತೀರ್ಮಾನಿಸಲು ಸಮಿತಿಯಾಯಿತು. ತೊಟ್ಟಿನ ಕಡೆ ಮುಂಭಾಗ ಎಂದು ಸಮಿತಿ ಒಮ್ಮತದಿಂದ ಹೇಳಿತು. ಹಣ್ಣಿನ ವಿಕಿರಣ ಅಳೆದರೆ ಸೊನ್ನೆ ಬಂತು. ಕಂಪ್ಯೂಟರ್ ಸೊನ್ನೆಯನ್ನು ಒಪ್ಪಲಿಲ್ಲ.

"ಒಂದು ಅಂತ ಹಾಕ್ರೀ, ಜಿಪುಣತನ ಯಾಕೆ?" ಎಂದರು ವೇಣಿ ಮೇಡಂ.

ಉದ್ದ ಹಿಡಿಯ ಇಕ್ಕಳವನ್ನು ಜಾಲಹಳ್ಳಿಯಲ್ಲಿ ಮಾಡಿಸಲು ಕೊಟ್ಟೆವು. ನಿಂಬೆಹಣ್ಣಿನ ಅಳತೆಯ ಸೀಸದ ಡಬ್ಬಿಗೆ ಟೆಂಡರ್ ಕರೆದೆವು.

ಈ ನಡುವೆ ಭದ್ರಮ್ಮ ಫೋನ್ ಮಾಡಿದರು. "ಸಾರ್, ನನ್ ಔಷ್ದಿ ಹೊರಡ್ತಾ?"

"ಅದರ ಮೇಲೆ ನಿಂಬೆಹಣ್ಣು ಕೂತಿದೆ ಅಮ್ಮಾ."

"ದೃಷ್ಟಿ ತೆಗ್ದಿದ್ದಾ?"

"ಹೂಂ."

"ಅಯ್ಯೋ, ಮುಟ್ಗಿಟ್ಟೀರಾ ಮತ್ತೆ!"

ಇಂಥ ತಿಳಿವಳಿಕೆಯ ಗ್ರಾಹಕರು ಈ ಕಾಲದಲ್ಲಿ ಅಪರೂಪ.

ಡಬ್ಬಿ ಬರುವಷ್ಟರಲ್ಲಿ ತಿಂಗಳು ಮುಗಿದಿತ್ತು. ಒಣಗಿ ಗೋಲಿಯಂತಾದ ಹಣ್ಣನ್ನು ಇಕ್ಕಳದಿಂದ ಎತ್ತಿ, ಲೇಬಲ್ ಅಂಟಿಸಿ, ಸೀಸದೊಳಗೆ ಭದ್ರಪಡಿಸಿದೆವು. ಎಲ್ಲರೂ ಚಪ್ಪಾಳೆ ತಟ್ಟಿದರು. ಔಷಧವನ್ನೂ ಅಳೆದು ನೋಡಿದರೆ ಅದು ಹಳದಿ ಲೇಬಲ್‌ನ ಯೋಗ್ಯತೆಯನ್ನೇ ಕಳೆದುಕೊಂಡಿತ್ತು. ತೀರಾ ಕಡಿಮೆ ವಿಕಿರಣದ್ದಕ್ಕೆ ಹಾಕುವ ಬಿಳಿ ಲೇಬಲ್ ಅಂಟಿಸಿ ವ್ಯಾನಿನ ಮೂಲೆಗೆ ತಳ್ಳಿದೆ. ಇಷ್ಟು ಸುರಕ್ಷಿತವಾದ ಔಷಧವನ್ನು ನಾವು ಹಿಂದೆಂದೂ ಸಾಗಿಸಿರಲಿಲ್ಲ.

ನಾನೂ ನಿಂಗಪ್ಪನೂ ಒಯ್ದ ಪೆಟ್ಟಿಗೆಯನ್ನು ನೋಡಿ ಆಸ್ಪತ್ರೆಯ ಡಾಕ್ಟರ್, "ಇದರಲ್ಲಿ ಏನೂ ಉಳಿದಿಲ್ಲ. ಹೊಸದು ತರಿಸಿ" ಎಂದರು. ಭದ್ರಮ್ಮನವರನ್ನು ಗಾರ್ಮೆಂಟ್ಸ್‌ನವರು ಹಿಂದಿನ ದಿನವೇ ಕೆಲಸದಿಂದ ತೆಗೆದಿದ್ದರಂತೆ. ನನಗೆ ನಿಜಕ್ಕೂ ಬೇಜಾರಾಯಿತು. ಲೇಬಲ್ ಅಷ್ಟು ನೀಟಾಗಿ ಕೂತಿದ್ದನ್ನು ಡಾಕ್ಟರ್ ನೋಡಲೇ ಇಲ್ಲ.

ನಾವು ಹೊರಡುವಾಗ, ಔಷಧಕ್ಕೆಂದು ಆಸ್ಪತ್ರೆಯಲ್ಲಿ ಕಾದಿದ್ದ ಭದ್ರಮ್ಮ ಗೇಟಿನವರೆಗೂ ಬಂದು ಸೆರಗಿನಿಂದ ಒಂದು ನಿಂಬೆಹಣ್ಣು ತೆಗೆದರು.

"ಮುಂದಿನ್ ಸಲ ಇದ್ರಲ್ಲಿ ನಿವಾಳ್ಸಿ ಸಾರ್. ನಿಮ್ದು ಸರಿಯಾಗಿ ದೃಷ್ಟಿ ತೆಗ್ದಿಲ್ಲ ಅನ್ಸುತ್ತೆ, ಅದ್ಕೇ ಇಷ್ಟೆಲ್ಲಾ ಆಗಿದ್ದು."

ಅವರ ಕೈ ನಡುಗಿ ಹಣ್ಣು ಬೀಳುವುದರಲ್ಲಿತ್ತು, ನಿಂಗಪ್ಪ ಹಿಡಿದುಕೊಂಡ. ಅದಕ್ಕೂ ಲೇಬಲ್ ಬರೆದಿಟ್ಟಿದ್ದೇನೆ.