ಅಣ್ಣ ಪುಸ್ತಕದಲ್ಲಿ ಮನೆ ನೋಡಿದ್ದು

ನನ್ನ ಅಣ್ಣನೆದುರು ಇಂಡೋನೇಷ್ಯಾದ ಹೆಸರನ್ನು ದಯವಿಟ್ಟು ಎತ್ತಬೇಡಿ. ಎತ್ತಿದಿರೋ, ನಿಮ್ಮ ಬಸ್ಸು ತಪ್ಪಿತೆಂದೇ ತಿಳಿಯಿರಿ! ಪೆರಾಬೆಯ ಈ ನಿವೃತ್ತ ಇಂಗ್ಲಿಷ್ ಮಾಸ್ಟ್ರು ವಿಮಾನವನ್ನು ನೋಡಿರುವುದು ತಮ್ಮ ಮನೆಯಂಗಳದಲ್ಲಿ ನಿಂತು, ತಲೆಯೆತ್ತಿ, ಅಷ್ಟೇ. ಆದರೂ ಬಾಲಿ ದ್ವೀಪದಲ್ಲಿ ಮಗುವಿಗೆ ಹೆಸರಿಡುವುದು ಹೇಗೆ, ಅಂಗಳಕ್ಕೆ ಬರುವ ಪ್ರಾಣಿಗಳು ಯಾವುವು, ಡಚ್ಚರು ಅಲ್ಲಿಂದ ಏನೇನು ಹೊತ್ತುಕೊಂಡು ಹೋದರು, ಎಲ್ಲವೂ ಅವನಿಗೆ ಬಾಯಿಪಾಠ.

ಇದಕ್ಕೆಲ್ಲ ಕಾರಣ ನನ್ನ ಮಗಳು. ಮೀನುಗಾರಿಕೆ ಓದಿದ ಅವಳು ಹವಳದ ದಿಬ್ಬಗಳ ಅಧ್ಯಯನಕ್ಕೆಂದು ಬಾಲಿಗೆ ಹೋದಳು. ಹವಳದ ಜೊತೆಗೆ ಒಬ್ಬ ಹುಡುಗನನ್ನೂ ಅಧ್ಯಯನ ಮಾಡಿದಳು! ಅವನ ಹೆಸರು ಮಾದೆ. ಅವಳ ಜೊತೆಯಲ್ಲೇ ಸಮುದ್ರಕ್ಕೆ ಇಳಿದು ಕೆಲಸ ಮಾಡುವವನು. ಫೋನಿನಲ್ಲಿ ನೋಡಿದೆ, ನಗುಮುಖ, ನನಗೆ ಹಿಡಿಸಿತು. ಆದರೆ ನನಗೆ ಹಿಡಿಸಿದರೆ ಆಯಿತೇ? ಮಗಳು ಸಣ್ಣವಳಿದ್ದಾಗಲೇ ನನ್ನ ಗಂಡ ತೀರಿಹೋದರು. ಆಮೇಲೆ ಅವಳ ಶಾಲೆ, ಕಾಲೇಜು, ಜ್ವರ, ಕೆಮ್ಮು ಎಲ್ಲದಕ್ಕೂ ಓಡಾಡಿದವನು ಅವಳ ಸೋದರಮಾವನಾದ ನನ್ನ ಅಣ್ಣ. ಅವಳು ಖಡಾಖಂಡಿತವಾಗಿ ಹೇಳಿದಳು: "ಮಾವ ಒಪ್ಪದೆ ನಾನು ಮದುವೆ ಆಗುದಿಲ್ಲ. ಬೇರೆ ಯಾರನ್ನೂ ಆಗುದಿಲ್ಲ, ಅದೂ ಗೊತ್ತಿರ್ಲಿ." ಇನ್ನು ಈ ಮದುವೆ ಆದ ಹಾಗೆಯೇ ಎಂದುಕೊಂಡೆ.

ಏಕೆಂದರೆ ನನ್ನ ಅಣ್ಣನನ್ನು ಒಪ್ಪಿಸುವುದು ಸಾಮಾನ್ಯದ ಕೆಲಸವೇ? ನಮ್ಮಲ್ಲಿ ಸಂಬಂಧ ಮಾಡುವ ಮೊದಲು ಹುಡುಗನ ಮನೆಗೆ ಹೋಗಿ ನೋಡಿ ಬರುವ ಕ್ರಮ ಉಂಟು. ಉಳಿದವರು ಮನೆ, ಬಾವಿ, ದನದ ಹಟ್ಟಿ ನೋಡಿ ಕಾಫಿ ಕುಡಿದು ಬರುತ್ತಾರೆ. ಅಣ್ಣ ಹಾಗಲ್ಲ. ಆ ಮನೆಯವರ ಜೊತೆ ಬೇಲಿ ಜಗಳ ಇರುವವರು ಯಾರೆಂದು ಹುಡುಕಿ ಅವರ ಮನೆಗೆ ಹೋಗುತ್ತಾನೆ! "ಮನೆಯವರು ಹೊಗಳ್ತಾರೆ, ನೆಂಟರು ಮುಚ್ಚಿಡ್ತಾರೆ. ಜಗಳ ಇದ್ದವ ಮಾತ್ರ ಸತ್ಯ ಹೇಳುದು" ಎಂಬುದು ಅವನ ವಾದ.

ತನ್ನ ಮದುವೆಗೂ ಅವನು ಬಿಟ್ಟವನಲ್ಲ. ಹೆಣ್ಣು ನೋಡಲೆಂದು ಐವರ್ನಾಡಿಗೆ ಹೋದವನು ಮೊದಲು ನುಗ್ಗಿದ್ದು ಪಕ್ಕದ ಜಾಗದವರ ಮನೆಗೆ. ಆ ಪುಣ್ಯಾತ್ಮ ಹೆಣ್ಣಿನ ಅಪ್ಪನನ್ನು ವಾಚಾಮಗೋಚರವಾಗಿ ಬೈದು, ಕೊನೆಗೆ, "ಆದ್ರೆ ಆ ಮನೆಗೆ ಹೋದವರನ್ನು ಉಣ್ಣದೆ ಕಳಿಸುದಿಲ್ಲ, ಅದೊಂದು ಹೇಳ್ಬೇಕು" ಎಂದನಂತೆ. ಅಣ್ಣ ಅಲ್ಲಿಯೇ ಮದುವೆಗೆ ಒಪ್ಪಿಬಿಟ್ಟ!

"ನನ್ನ ಮುಖ ಇನ್ನೂ ನೋಡಿಯೇ ಇರ್ಲಿಲ್ಲ ಇವ್ರು" ಎಂದು ಅತ್ತಿಗೆ ಈಗಲೂ ಮೂದಲಿಸುತ್ತಾರೆ.

"ಮುಖ ಎಂತ ನೋಡುದು? ಮತ್ತೆ ದಿನಾ ನೋಡ್ಲಿಕ್ಕೆ ಉಂಟಲ್ಲ" ಎನ್ನುತ್ತಾನೆ ಅಣ್ಣ.

ಇಂಥವನು ಬಾಲಿಯ ಮನೆಯನ್ನು ನೋಡುವುದಾದರೂ ಹೇಗೆ? ಮಗಳು ವಿಮಾನದ ಟಿಕೆಟ್ ಕಳಿಸುತ್ತೇನೆಂದಳು. "ಕಿಟಕಿ ತೆಗೀಲಿಕ್ಕೆ ಆಗದ ವಾಹನದಲ್ಲಿ ನಾನು ಕೂರುದಿಲ್ಲ" ಎಂದ. ವಿಡಿಯೋ ಕಾಲ್ ಮಾಡಿಸುತ್ತೇನೆಂದಳು. "ಫೋನಿನ ಎದುರು ಎಲ್ಲರೂ ಹಲ್ಲು ಬಿಡ್ತಾರೆ" ಎಂದ. ಕೊನೆಗೆ ಅಪ್ಪಣೆ ಹೊರಡಿಸಿದ: "ಪುಸ್ತಕ ತರ್ಸು. ಒಂದು ಅವರ ಆಚಾರದ್ದು, ಅವರೇ ಬರ್ದದ್ದು. ಒಂದು ಚರಿತ್ರೆಯದ್ದು, ಅವರನ್ನು ಆಳಿದ ಡಚ್ಚರು ಬರ್ದದ್ದು. ಅವರಿಗೂ ಇವರಿಗೂ ಆಗ್ತಿರ್ಲಿಲ್ಲ ಅಲ್ವಾ? ಮತ್ತೊಂದು ಕಾಡುಪ್ರಾಣಿಗಳದ್ದು."

"ಮದುವೆಗೂ ಕಾಡುಪ್ರಾಣಿಗೂ ಎಂತ ಸಂಬಂಧ ಅಣ್ಣ?"

"ಎಂತ ಸಂಬಂಧವಾ? ರಾತ್ರಿ ನಮ್ಮ ಮಗು ಅಂಗಳಕ್ಕೆ ಇಳಿಯುದು ಬೇಡವಾ?"

ಅವನನ್ನು ನಮ್ಮ ಪುತ್ತೂರಿನ ಒಂದು ಪುಸ್ತಕದಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯವರು ಪಾಪ, ಒಳಗೆಲ್ಲ ಹುಡುಕಿ ಒಂದು ಪ್ರವಾಸ ಕಥನ ತಂದುಕೊಟ್ಟರು. ಅಣ್ಣ ನಿಂತಲ್ಲೇ ಪುಟ ತಿರುವತೊಡಗಿದ. ಬರೆದವನು ಯಾರ ಮನೆಯಲ್ಲಿ ಉಂಡಿದ್ದಾನೆ ಎಂಬುದು ಅವನ ಮೊದಲ ಪರೀಕ್ಷೆ. ನೋಡಿದರೆ ಆ ಲೇಖಕ ಬಾಲಿಯಲ್ಲಿ ಸಿಕ್ಕಿದ ಮಸಾಲೆ ದೋಸೆಯನ್ನೇ ಒಂದಿಡೀ ಅಧ್ಯಾಯ ಹೊಗಳಿದ್ದಾನೆ!

"ಮಸಾಲೆ ದೋಸೆ ತಿನ್ಲಿಕ್ಕೆ ಇವ ಅಷ್ಟು ದೂರ ಯಾಕೆ ಹೋದ ಮಾರಾಯ್ರೆ? ಇಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಸಿಕ್ತಿತ್ತಲ್ಲ!"

ಅಂಗಡಿಯವರು ನಕ್ಕು ಪುಸ್ತಕವನ್ನು ಒಳಗಿಟ್ಟರು. ಕೊನೆಗೆ ಮಗಳೇ ಹುಡುಕಿ ಮೂರು ಇಂಗ್ಲಿಷ್ ಪುಸ್ತಕಗಳನ್ನು ತರಿಸಿಕೊಟ್ಟಳು. ಅಣ್ಣ ಕೆಂಪು ಪೆನ್ನು ಹಿಡಿದು ಕೂತ. ಅಭ್ಯಾಸಬಲ ನೋಡಿ, ಸಂಸ್ಕೃತಿಯ ಪುಸ್ತಕ ಬರೆದವರ ವ್ಯಾಕರಣವನ್ನೂ ತಿದ್ದಿದನಂತೆ! ಅಂದಿನಿಂದ ನನಗೆ ಅವನ ಫೋನಿನ ಮೇಲೆ ಫೋನ್ ಬರತೊಡಗಿತು.

ಮೊದಲ ಫೋನ್: "ಸಂಬಂಧ ಸ್ವಲ್ಪ ನಿಲ್ಲಿಸು! ಮಾದೆ ಅಂದ್ರೆ ಅಲ್ಲಿ ಎರಡನೇ ಮಗುವಿಗೆ ಇಡುವ ಹೆಸರಂತೆ. ದೊಡ್ಡವನಿಗೆ ಮದುವೆ ಆಗಿದ್ಯಾ? ದೊಡ್ಡವನನ್ನು ಬಿಟ್ಟು ಸಣ್ಣವನಿಗೆ ಯಾಕೆ ಅವಸರ?" ನಾನು ಗಾಬರಿಯಿಂದ ಮಗಳಿಗೆ ಫೋನ್ ಮಾಡಿದೆ. ದೊಡ್ಡವಳು ಅಕ್ಕನಂತೆ, ಮದುವೆಯಾಗಿ ಮಕ್ಕಳೂ ಇದ್ದಾರಂತೆ. ಬದುಕಿದೆಯಾ ಬಡಜೀವವೇ ಎಂದುಕೊಂಡೆ.

ಮರುವಾರ ಅವನ ದನಿಯಲ್ಲಿ ಸಡಗರ. "ಕೇಳು, ಅಲ್ಲಿಯೂ ಕೋಳಿ ಅಂಕ ಉಂಟಂತೆ! ನಮ್ಮ ಹಾಗೆಯೇ ಕೋಳಿಯ ಕಾಲಿಗೆ ಕತ್ತಿ ಕಟ್ಟುದಂತೆ!" ಹಿಂದಿನಿಂದ ಅತ್ತಿಗೆಯ ದನಿ ಕೇಳಿಸಿತು: "ಸಂಬಂಧ ಬೇಡ ಅಂತ ಹೇಳಿ. ಅಲ್ಲಿ ಅಂಕಕ್ಕೆ ಹೋದ್ರೆ ಮತ್ತೆ ಇವ್ರು ಮನೆಗೆ ವಾಪಸ್ ಬರುದಿಲ್ಲ!"

ಡಚ್ ಅಧಿಕಾರಿಯೊಬ್ಬನ ಹಳೆಯ ನೆನಪುಗಳ ಪುಸ್ತಕವಂತೂ ಅಣ್ಣನಿಗೆ ಬೇಲಿ ಜಗಳದವನಷ್ಟೇ ಇಷ್ಟವಾಯಿತು. ಪುಟಪುಟಕ್ಕೂ ಬಾಲಿಯವರಿಗೆ ಬೈಗುಳ. ಇವರು ಹೇಳಿದ ಮಾತು ಕೇಳುವುದಿಲ್ಲ, ಕೆಲಸಕ್ಕೆ ಕರೆದರೆ ಇವತ್ತು ಹಬ್ಬ ಎನ್ನುತ್ತಾರೆ, ನಾಳೆಯೂ ಹಬ್ಬ ಎನ್ನುತ್ತಾರೆ. "ನಮ್ಮವರೇ!" ಎಂದ ಅಣ್ಣ. "ಸುಳ್ಯದಿಂದ ಮಂಗಳೂರಿಗೆ ದಂಡು ಕಟ್ಟಿಕೊಂಡು ಹೋಗಿ ಬಿಳಿಯರನ್ನು ಓಡಿಸಿದವರಲ್ವಾ ನಾವು? ಆ ಲೆಕ್ಕದಲ್ಲಿ ಆಗಬಹುದು."

ಗೆದ್ದೆವೆಂದು ನಾನು ಹಿಗ್ಗುತ್ತಿರುವಾಗಲೇ ಕಾಡುಪ್ರಾಣಿಗಳ ಪುಸ್ತಕ ಎದ್ದು ಬಂತು. "ಇಲ್ಲ! ಸಾಧ್ಯವೇ ಇಲ್ಲ! ಮನುಷ್ಯನಿಗಿಂತ ಉದ್ದದ ಉಡ ಉಂಟು ಅಲ್ಲಿ! ಜಿಂಕೆಯನ್ನು ಹಿಡಿದು ತಿಂತದಂತೆ. ನಮ್ಮ ಮಗು ಜಿಂಕೆಗಿಂತ ತೆಳ್ಳಗುಂಟು!"

ಮಗಳು ಅವನಿಗೇ ಫೋನ್ ಮಾಡಿದಳು. "ಮಾವ, ಅದು ಇರುದು ಬೇರೆ ದ್ವೀಪದಲ್ಲಿ. ಇಲ್ಲಿಂದ ತುಂಬಾ ದೂರ ಉಂಟು."

"ಅದಕ್ಕೆ ಈಜ್ಲಿಕ್ಕೆ ಬರ್ತದೆ ಅಂತ ಬರ್ದಿದ್ದಾರೆ!"

"ಪುತ್ತೂರಿನಿಂದ ಬೆಂಗಳೂರು ದಾಟಿ ಹೋಗುವಷ್ಟು ಈಜ್ಬೇಕು ಮಾವ. ಅಷ್ಟು ಈಜಿ ಬಂದ್ರೆ ಪಾಪ, ನಾನೇ ಊಟ ಹಾಕ್ತೇನೆ."

ಅಣ್ಣ ನಗಲಿಲ್ಲ. ಫೋನಿಟ್ಟ. ಆಮೇಲೆ ಅವನಿಂದ ಸುದ್ದಿಯೇ ಇಲ್ಲ. ಒಂದು ಉಡ ನನ್ನ ಮಗಳ ಮದುವೆಯನ್ನು ನುಂಗಿತಲ್ಲ ಎಂದು ನನಗೆ ಅಳು ಬಂತು. ಮಗಳೂ ಮಾತು ಕಡಿಮೆ ಮಾಡಿದಳು. ಅತ್ತಿಗೆಗೆ ಫೋನ್ ಮಾಡಿದರೆ, "ಪ್ರಾಣಿಗಳನ್ನು ಒಂದೊಂದಾಗಿ ನೋಡ್ತಾ ಇದ್ದಾರೆ. ಉಣ್ಲಿಕ್ಕೆ ಕರೆದ್ರೂ ಏಳುದಿಲ್ಲ" ಎಂದರು.

ಒಂದು ಬೆಳಿಗ್ಗೆ ಅಣ್ಣನೇ ಫೋನ್ ಮಾಡಿದ. "ಬಾಲಿಯ ಕಾಡಿನಲ್ಲಿ ಆನೆ ಇಲ್ಲ."

"ಹಾಂ?"

"ಆನೆ ಇಲ್ಲ ಮಾರಾಯ್ತಿ! ಸುಮಾತ್ರಾದಲ್ಲಿ ಉಂಟು, ಬಾಲಿಯ ಕಾಡಿನಲ್ಲಿ ಇಲ್ಲ. ಮಗು ಹೇಳಿದ್ದು ಸರಿ, ಆ ಉಡವೂ ಇಲ್ಲ. ಮಂಗ ಉಂಟು. ಮಂಗ ಎಲ್ಲಿ ಇಲ್ಲ? ಆಗ್ಲಿ, ಹುಡುಗನ ಮನೆಯವರಿಗೆ ಬರ್ಲಿಕ್ಕೆ ಹೇಳು. ಮದುವೆ ಮಾಡುವ."

ಗುಂಡ್ಯದ ದಾರಿಯಲ್ಲಿ ಆನೆಯೊಂದು ಬಸ್ಸಿಗೆ ಅಡ್ಡ ನಿಂತು ಇವನ ಬೆವರಿಳಿಸಿದ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಆ ಆನೆಯಿಂದ ನನ್ನ ಮಗಳಿಗೆ ಕಂಕಣ ಕೂಡಿಬರುತ್ತದೆಂದು ಯಾರಿಗೆ ಗೊತ್ತಿತ್ತು? ನಾನು ಬಿಟ್ಟ ನಿಟ್ಟುಸಿರು ಕಡಬದವರೆಗೂ ಕೇಳಿಸಿರಬೇಕು! ಮಗಳು ಫೋನಿನಲ್ಲಿ ಅಳುತ್ತ ನಕ್ಕಳು, ನಾನು ನಗುತ್ತ ಅತ್ತೆ. ಅಂದು ಮನೆಯಲ್ಲಿ ಪಾಯಸ.

ಮರುದಿನ ಅಣ್ಣ ಪುತ್ತೂರಿನ ನಮ್ಮ ಮನೆಗೆ ಬಂದ. ಮದುವೆಯ ಮಾತಿಗೆ ಬಂದನೆಂದುಕೊಂಡರೆ, ಕಾಫಿ ಮುಗಿಸಿ, "ಇನ್ನೊಂದು ಪುಸ್ತಕ ಬೇಕಿತ್ತು. ಬಾಲಿಯ ಹಕ್ಕಿಗಳದ್ದು" ಎಂದ.

ನನಗೆ ರೇಗಿಹೋಯಿತು. "ಒಪ್ಪಿ ಆಯ್ತಲ್ಲ ಅಣ್ಣ! ಇನ್ನು ಹಕ್ಕಿಯಲ್ಲಿ ಎಂತ ತಕರಾರು ಹುಡುಕುದು?"

"ತಕರಾರಿಗಲ್ಲ ಮಾರಾಯ್ತಿ." ಅಣ್ಣ ಖಾಲಿ ಲೋಟವನ್ನೇ ನೋಡುತ್ತಿದ್ದ. "ಮಗು ಬೆಳಿಗ್ಗೆ ಫೋನಿನಲ್ಲಿ ಮಾತಾಡುವಾಗ ಹಿಂದೆ ಒಂದು ಹಕ್ಕಿ ಕೂಗ್ತದೆ. ನಮ್ಮಲ್ಲಿ ಇಲ್ಲದ ಹಕ್ಕಿ. ಇನ್ನು ಅವಳು ಜೀವಮಾನ ಇಡೀ ಅದರ ಕೂಗು ಕೇಳಿ ಏಳುದಲ್ವಾ? ಅದು ಯಾವುದು ಅಂತ ನನಗೂ ಗೊತ್ತಿರ್ಲಿ."

ನಾನು ಮೊಬೈಲ್ ತೆಗೆದು ಹುಡುಕತೊಡಗಿದೆ. ಅಣ್ಣ ಕುರ್ಚಿಯನ್ನು ಹತ್ತಿರ ಎಳೆದುಕೊಂಡ.

"ಚಿತ್ರ ದೊಡ್ಡದಿರುವುದು ನೋಡು. ನನಗೆ ಈಗ ಕಣ್ಣು ಮಂಜಾಗ್ತದೆ" ಎಂದ.

ನನಗೂ ಆಗ ಒಂದಕ್ಷರ ಕಾಣುತ್ತಿರಲಿಲ್ಲ.